ಸೊಂಡಿಲ ಸಂದಿಯ ಒರಟು



ಈ ಸಲ ಬಂದ ಪತ್ರಗಳ ಕಟ್ಟಿನಲ್ಲಿ ಮಲೆನಾಡಿನ ಊರೊಂದರಿಂದ ಎಂಟನೇ ತರಗತಿಯ ಹುಡುಗಿ ಬರೆದದ್ದೊಂದಿತ್ತು. ಅವಳ ಅಜ್ಜ ಶಿವನೆ ಮರದಲ್ಲಿ ಗೇಣುದ್ದದ ಗಣಪತಿ ಕೆತ್ತುತ್ತಿದ್ದರಂತೆ. ಕೆತ್ತನೆ ಬಹುಪಾಲು ಮುಗಿದಿತ್ತು. ಅಷ್ಟರಲ್ಲಿ ಅವರಿಗೆ ಕೈ ನಡುಕ ಶುರುವಾಗಿ, ಉಳಿ ಹಿಡಿಯುವುದನ್ನೇ ಬಿಟ್ಟಿದ್ದಾರೆ. ಗಣಪತಿ ಈಗ ಹಳೆಯ ಪೇಪರು ಹೊದ್ದುಕೊಂಡು ಕಪಾಟಿನ ಮೇಲೆ ಕೂತಿದ್ದಾನೆ. ‘ತಾತಾ, ನಾನೇ ಉಜ್ಜಿ ಮುಗಿಸಲಾ? ಹೊಟ್ಟೆ, ಬೆನ್ನು ಸುಲಭ. ಕಿವಿಯ ಹಿಂದೆ, ಸೊಂಡಿಲಿಗೂ ಹೊಟ್ಟೆಗೂ ನಡುವಿನ ಸಂದಿಯಲ್ಲಿ, ಬೆರಳುಗಳ ಮಧ್ಯೆ ಕೈಯೇ ಹೋಗುವುದಿಲ್ಲ. ಅಲ್ಲೆಲ್ಲ ಮುಟ್ಟಿದರೆ ಚುಚ್ಚುತ್ತದೆ. ಅಜ್ಜ ಕೆತ್ತಿದ ಗೆರೆ ಎಲ್ಲಿ ಅಳಿಸಿಹೋಗುತ್ತದೋ ಅಂತ ಹೆದರಿಕೆಯೂ ಆಗುತ್ತೆ’ ಎಂದು ಕೇಳಿದ್ದಾಳೆ.

ಧಾರಾಳವಾಗಿ ಮುಗಿಸು ಮಗೂ. ನಿನ್ನ ಹೆದರಿಕೆ ಮಾತ್ರ ಒಳ್ಳೆಯ ಹೆದರಿಕೆ, ಅದನ್ನು ಕೊನೆಯವರೆಗೂ ಜೊತೆಗಿಟ್ಟುಕೋ. ಮರ ಉಜ್ಜುವವರಿಗೆ ಬೇಕಾದದ್ದೇ ಅದು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಆಗೆಲ್ಲ ಲೆಕ್ಕ ಬರೆಯುತ್ತಿದ್ದುದು ದಪ್ಪ ಲೆಡ್ಜರಿನಲ್ಲಿ, ಕೈಯಿಂದ. ಅಂಕಿ ತಪ್ಪಾದರೆ ಬ್ಲೇಡಿನಿಂದ ಕೆರೆದು ಅಳಿಸುವಂತಿರಲಿಲ್ಲ. ತಪ್ಪಿನ ಮೇಲೆ ಒಂದು ಗೆರೆ ಎಳೆದು, ಸರಿಯಾದದ್ದನ್ನು ಪಕ್ಕದಲ್ಲಿ ಬರೆದು ಸಹಿ ಹಾಕಬೇಕಿತ್ತು. ಕೆರೆದ ಜಾಗದಲ್ಲಿ ಮೊದಲು ಏನಿತ್ತೆಂದು ಆಮೇಲೆ ಯಾರಿಗೂ ಹೇಳಲಾಗುವುದಿಲ್ಲವಲ್ಲ, ಅದಕ್ಕೇ ಆ ನಿಯಮ. ಮರದಲ್ಲಿ ಗೆರೆ ಎಳೆದು ತಿದ್ದುವ ಅವಕಾಶವೂ ಇಲ್ಲ. ಉಜ್ಜಿದ್ದು ಹುಡಿಯಾಗಿ ಹೋಯಿತು ಅಂದರೆ ಹೋಯಿತು. ಒರಟು ಯಾವುದು, ಕೆತ್ತಿದ ಗೆರೆ ಯಾವುದು ಎಂಬ ವ್ಯತ್ಯಾಸ ಮರಳುಕಾಗದಕ್ಕೆ ತಿಳಿಯದು. ಎದುರಿಗೆ ಉಬ್ಬಿದ್ದನ್ನೆಲ್ಲ ಅದು ತಿನ್ನುತ್ತದೆ. ತಿಳಿಯಬೇಕಾದವರು ನಾವು.

ಕೆಲಸದ ಮೇಲೆ ಕೆಲವು ವರ್ಷ ನಾನು ಸಾಗರದಲ್ಲಿದ್ದೆ. ಸಾಗರ, ಸೊರಬದ ಗುಡಿಗಾರರು ಗಂಧದ ಕೆತ್ತನೆಗೆ ಹೆಸರಾದವರು. ಸಂಜೆ ಹೊತ್ತು ಅಂಥ ಒಂದು ಮನೆಯ ಜಗಲಿಯಲ್ಲಿ ಕೂತು ನೋಡುವುದು ನನಗೊಂದು ಅಭ್ಯಾಸವಾಗಿತ್ತು. ಅಲ್ಲಿನ ಹಿರಿಯರು ಸಣ್ಣ ಉಳಿಯಿಂದಲೇ ಗಂಟೆಗಟ್ಟಲೆ ಮೆಲ್ಲಗೆ ಹೆರೆಯುತ್ತಿದ್ದರು. ಕಾಗದ ಕೈಗೆ ಬರುತ್ತಿದ್ದುದು ಕೊಟ್ಟಕೊನೆಗೆ. ಅವರಿಂದ ಕಲಿತ ಮೊದಲ ಪಾಠವೇ ಅದು. ನಯಮಾಡುವ ಕೆಲಸದ ದೊಡ್ಡ ಪಾಲು ಹರಿತವಾದ ಉಳಿಯದು. ಹರಿತವಾದ ಉಳಿ ಕೊಯ್ದ ಮೈ ತಾನೇ ಹೊಳೆಯುತ್ತದೆ. ಮೊಂಡು ಉಳಿ ಮರವನ್ನು ಕೊಯ್ಯುವುದಿಲ್ಲ, ಹರಿಯುತ್ತದೆ. ಕಿವಿಯ ಹಿಂದೆ ನಿನಗೆ ಚುಚ್ಚುವುದು ಹಾಗೆ ಹರಿದುಳಿದ ಸಿಬಿರು.

ಆದ್ದರಿಂದ ಮೊದಲು ಮೂಲೆಗಳನ್ನು ನೋಡು. ಎದ್ದುನಿಂತ ಸಿಬಿರಿದ್ದರೆ ಅದನ್ನು ಉಜ್ಜಲು ಹೋಗಬೇಡ, ಸಣ್ಣ ಉಳಿಯಿಂದ ಕೊಯ್ದು ತೆಗೆಯಬೇಕು. ಉಳಿ ಹಿಡಿಯುವಾಗ ದೊಡ್ಡವರೊಬ್ಬರು ಪಕ್ಕದಲ್ಲಿರಲಿ. ವಿಗ್ರಹವನ್ನು ಮಡಿಸಿದ ಗೋಣಿಚೀಲದ ಮೇಲೆ ಭದ್ರವಾಗಿ ಕೂರಿಸಿಕೋ, ಹಿಡಿದ ಕೈ ಉಳಿಯ ಬಾಯಿಗೆ ಎದುರಾಗದೆ ಹಿಂದೆಯೇ ಇರಲಿ. ಉಳಿಯ ಕೆಲಸವೆಲ್ಲ ಮುಗಿದ ಮೇಲೆಯೇ ಕಾಗದ ಮುಟ್ಟು. ಒಮ್ಮೆ ಕಾಗದ ಹಾಕಿದರೆ ಅದರ ಹರಳುಗಳು ಮರದ ಸಂದಿಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಆಮೇಲೆ ಉಳಿ ಹಾಕಿದರೆ ಅದರ ಬಾಯಿ ಕೆಡುತ್ತದೆ.

ಮರಕ್ಕೊಂದು ಎಳೆ ಇರುತ್ತದೆ. ಬೆಕ್ಕಿನ ಮೈ ಸವರಿದ್ದೀಯಲ್ಲ? ತಲೆಯಿಂದ ಬಾಲದ ಕಡೆಗೆ ಸವರಿದರೆ ನುಣುಪು, ತಿರುಗಿಸಿ ಸವರಿದರೆ ರೋಮ ಎದ್ದು ಬೆಕ್ಕಿಗೂ ಸಿಟ್ಟು ಬರುತ್ತದೆ. ಮರವೂ ಹಾಗೆಯೇ. ನಿಮ್ಮ ಗಣಪತಿಯಲ್ಲಿ ಎಳೆ ಪೀಠದಿಂದ ಕಿರೀಟದ ಕಡೆಗೆ ನೆಟ್ಟಗೆ ಹೋಗಿದೆ ಎಂದಿಟ್ಟುಕೊಳ್ಳೋಣ. ಆಗ ಹೊಟ್ಟೆಯ ತುಂಬ ಉಬ್ಬಿದ ಜಾಗದಿಂದ ಮೇಲಕ್ಕೆ ಎದೆಯ ಕಡೆ ಒಂದು ಹೊಡೆತ, ಅದೇ ಜಾಗದಿಂದ ಕೆಳಕ್ಕೆ ಮಡಿಲ ಕಡೆ ಇನ್ನೊಂದು ಹೊಡೆತ, ಹೀಗೆ ಉಬ್ಬಿನಿಂದ ತಗ್ಗಿಗೆ ಉಳಿ ಹೋಗಬೇಕು. ಕಿರೀಟದ ತುದಿ, ಭುಜದ ಮೇಲ್ಭಾಗ, ಸೊಂಡಿಲ ತಿರುವಿನ ಅಡಿ, ಇಲ್ಲೆಲ್ಲ ಎಳೆಗಳ ಕೊನೆ ಪೊರಕೆಯ ತುದಿಯಂತೆ ಹೊರಗೆ ಮುಖ ಮಾಡಿರುತ್ತದೆ. ಒರಟು ಹೆಚ್ಚಾಗಿ ಕಾಣುವುದು ಅಲ್ಲೇ. ಅವು ಬೇರೆ ಕಡೆಗಿಂತ ಎರಡು ಪಟ್ಟು ಸಮಯ ಕೇಳುತ್ತವೆ, ಕೊಡು.

ಇನ್ನು ಕಾಗದ. ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಯಾಂಡ್‌ಪೇಪರ್ ಎಂದರೂ ಪಾಲಿಶ್ ಪೇಪರ್ ಎಂದರೂ ಕೊಡುತ್ತಾರೆ. ಹೆಸರಿಗೆ ಮರಳುಕಾಗದ, ಇವತ್ತಿನ ಕಾಗದದಲ್ಲಿ ಮರಳೇ ಇಲ್ಲ. ಅಲ್ಯೂಮಿನಿಯಂ ಆಕ್ಸೈಡ್, ಸಿಲಿಕಾನ್ ಕಾರ್ಬೈಡ್, ಗಾರ್ನೆಟ್ ಇಂಥ ಗಟ್ಟಿ ಹರಳುಗಳ ಪುಡಿಯನ್ನು ಅಂಟಿಸಿರುತ್ತಾರೆ. ಹಿಂಬದಿಯಲ್ಲಿ 80, 120, 180 ಎಂದು ಒಂದು ಸಂಖ್ಯೆ ಇರುತ್ತದೆ. ಈ ಸಂಖ್ಯೆ ಹುಟ್ಟಿದ್ದು ಜರಡಿಯಿಂದ. ಅಜ್ಜಿಯ ಅಡುಗೆಮನೆಯಲ್ಲಿ ರವೆಯ ಜರಡಿಗೂ ಮೈದಾ ಹಿಟ್ಟಿನ ಜರಡಿಗೂ ಇರುವ ವ್ಯತ್ಯಾಸ ನೋಡು. ಒಂದು ಅಂಗುಲ ಉದ್ದದಲ್ಲಿ ತೂತುಗಳು ಹೆಚ್ಚಿದಷ್ಟೂ ಒಂದೊಂದು ತೂತು ಸಣ್ಣದಾಗುತ್ತದೆ, ಕೆಳಗೆ ಬೀಳುವ ಪುಡಿ ನಯವಾಗುತ್ತದೆ. ಹಾಗಾಗಿ ಸಂಖ್ಯೆ ದೊಡ್ಡದಾದಷ್ಟೂ ಕಾಗದ ನಯ.

ನಿನ್ನ ಗಣಪತಿಗೆ 120, 180, 240, 320 ಈ ನಾಲ್ಕು ಸಾಕು. ತೀರಾ ಒರಟಿದ್ದಲ್ಲಿ ಮಾತ್ರ 80, ಅದೂ ಬೆನ್ನಿನಂಥ ಬಯಲಿನಲ್ಲಿ. ಒಂದನ್ನೂ ಹಾರಿಸಬೇಡ. 80ರ ಕಾಗದ ಮಾಡಿದ ಗೀರುಗಳನ್ನು 320ರ ಕಾಗದ ತೆಗೆಯಲಾರದು, ಗೀರಿನ ದಿಣ್ಣೆಗಳಿಗಷ್ಟೇ ಹೊಳಪು ಕೊಟ್ಟು ಸುಮ್ಮನಾಗುತ್ತದೆ. ಬರಿಗಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಎಣ್ಣೆ ಹಚ್ಚಿದ ದಿನ ಗೀರೆಲ್ಲ ಎದ್ದು ಕಾಣುತ್ತವೆ. ಪ್ರತಿ ಕಾಗದವೂ ತನ್ನ ಹಿಂದಿನ ಕಾಗದದ ಗೀರುಗಳನ್ನು ತೆಗೆಯಬೇಕು, ಅಷ್ಟೇ ಅದರ ಕೆಲಸ. ಬಣ್ಣದವರು ನೀರಿನಲ್ಲಿ ಅದ್ದಿ ಬಳಸುವ ಕಪ್ಪು ಕಾಗದ ಶಿವನೆಯಂಥ ಬಿಳಿ ಮರಕ್ಕೆ ಬೇಡ. ಅದರ ಕಪ್ಪು ಪುಡಿ ಸಂದಿಗಳಲ್ಲಿ ಕೂತು ಕಲೆಯಂತೆ ಕಾಣುತ್ತದೆ.

ಕೈ ಹೋಗದ ಜಾಗಗಳಿಗೆ ಬರೋಣ. ಅಂಗಡಿಯಲ್ಲಿ ತುದಿ ಬಾಗಿದ ಸಣ್ಣ ಅರಗಳು ಸಿಗುತ್ತವೆ, ಅಕ್ಕಸಾಲಿಗರು ಬಳಸುವ ಸೂಜಿಯಂಥ ಅರಗಳೂ ಇವೆ. ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮನೆಯಲ್ಲೇ ನಾಲ್ಕು ಸಾಧನ ಮಾಡಿಕೊಳ್ಳಬಹುದು.

ಮೊದಲನೆಯದು ಕಡ್ಡಿ. ಬಿದಿರು ಕಡ್ಡಿ, ಐಸ್‌ಕ್ರೀಂ ಕಡ್ಡಿ, ಪೆನ್ಸಿಲ್, ಇವುಗಳನ್ನು ಒಂದೊಂದು ಆಕಾರಕ್ಕೆ ಹೆರೆದುಕೋ: ಒಂದು ಚೂಪು, ಒಂದು ಗುಂಡು, ಒಂದು ಚಮಚದ ತುದಿಯಂತೆ ಚಪ್ಪಟೆ. ತುದಿಗೆ ಫೆವಿಕಾಲ್ ಹಚ್ಚಿ ಕಾಗದದ ತುಂಡು ಅಂಟಿಸಿ, ದಾರ ಸುತ್ತಿ ಒಂದು ರಾತ್ರಿ ಬಿಡು. ಕಡ್ಡಿಯ ಮೇಲೆ ಕಾಗದದ ಸಂಖ್ಯೆ ಬರೆದಿಡು, ಇಲ್ಲದಿದ್ದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಕಿವಿಯ ಹಿಂದಿನ ಗುಳಿಗೆ ಚಪ್ಪಟೆ ಕಡ್ಡಿ, ಬೆರಳುಗಳ ನಡುವೆ ಚೂಪು ಕಡ್ಡಿ.

ಎರಡನೆಯದು ಪಟ್ಟಿ. ಮರಳುಕಾಗದದ ಹಿಂಬದಿಗೆ ಹಳೆಯ ಹತ್ತಿ ಬಟ್ಟೆ ಅಂಟಿಸಿ, ಒಣಗಿದ ಮೇಲೆ ಅರ್ಧ ಸೆಂಟಿಮೀಟರ್ ಅಗಲದ ಪಟ್ಟಿಗಳಾಗಿ ಕತ್ತರಿಸು. ಬಟ್ಟೆಯ ಬಲವಿದ್ದರೆ ಎಳೆದಾಗ ಕಾಗದ ಹರಿಯುವುದಿಲ್ಲ. ಪಟ್ಟಿಯನ್ನು ಸೊಂಡಿಲಿಗೂ ಹೊಟ್ಟೆಗೂ ನಡುವಿನ ಸಂದಿಯಲ್ಲಿ ತೂರಿಸಿ, ಸ್ನಾನವಾದ ಮೇಲೆ ಟವೆಲಿನಿಂದ ಬೆನ್ನು ಒರೆಸಿಕೊಳ್ಳುತ್ತೇವಲ್ಲ, ಹಾಗೆ ಎರಡೂ ತುದಿ ಹಿಡಿದು ಅತ್ತಿತ್ತ ಎಳೆ. ತೋಳು, ಸೊಂಡಿಲಿನಂಥ ಗುಂಡನೆಯ ಜಾಗಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಒಂದೇ ಕಡೆ ಎಳೆಯುತ್ತ ಕೂರಬೇಡ, ಸೊಂಡಿಲಿಗೆ ಕಚ್ಚು ಬಿದ್ದೀತು. ಪಟ್ಟಿ ಸದಾ ಜಾಗ ಬದಲಿಸುತ್ತಿರಲಿ. ಎಳೆಗೆ ಅಡ್ಡವಾಗಿ ಎಳೆದ ಗೀರು ಉಳಿದಿದ್ದರೆ, ಕೊನೆಯಲ್ಲಿ 320ರ ಕಡ್ಡಿಯಿಂದ ಎಳೆಯ ಜೊತೆಯಲ್ಲೇ ನಾಲ್ಕು ಸಲ ಸವರು.

ಮೂರನೆಯದು ಮಡಿಕೆ. ಕಾಗದವನ್ನು ಮೂರು ಮಡಿಕೆ ಮಾಡಿದರೆ ಅದರ ಅಂಚು ಗಟ್ಟಿಯಾಗುತ್ತದೆ. ಆ ಅಂಚು ಪಂಚೆಯ ನೆರಿಗೆಯಂಥ ಗೆರೆಯೊಳಗೆ ಇಳಿಯುತ್ತದೆ. ಅಂಚು ಮೊಂಡಾದರೆ ಹೊಸದಾಗಿ ಮಡಿಸಿಕೋ.

ನಾಲ್ಕನೆಯದು ಎಲೆ. ನಿಮ್ಮ ಮಲೆನಾಡಿನಲ್ಲಿ ಗರಗತ್ತಿ ಎಂಬ ಮರವಿದೆ, ಅತ್ತಿಯ ಜಾತಿಯದೇ. ಅದರ ಎಲೆ ಮುಟ್ಟಿದರೆ ಕಾಗದದಷ್ಟೇ ಒರಟು. ಮರ, ದಂತದ ಸಾಮಾನುಗಳನ್ನು ನಯಗೊಳಿಸಲು ಹಿಂದಿನವರು ಬಳಸುತ್ತಿದ್ದುದು ಇದನ್ನೇ. ಎಲೆ ಬಟ್ಟೆಯಂತೆ ಬಾಗುವುದರಿಂದ ಗುಳಿಯ ಆಕಾರಕ್ಕೆ ತಾನೇ ಹೊಂದಿಕೊಳ್ಳುತ್ತದೆ. ಭತ್ತದ ಗದ್ದೆಯಲ್ಲಿ ನಡೆದಾಗ ಗರಿ ಕಾಲಿಗೆ ಗೀರುವುದು ನಿನಗೆ ಗೊತ್ತಿರಬೇಕು. ಅದಕ್ಕೆ ಕಾರಣ ಆ ಗರಿಯಲ್ಲಿರುವ ಸಿಲಿಕಾ, ಅಂದರೆ ಮರಳಿನಲ್ಲಿರುವ ವಸ್ತುವೇ. ಜಪಾನಿನಲ್ಲಿಯೂ ಇಂಥ ಒಂದು ಗಿಡದ ಒಣಗಿದ ಕಾಂಡದಿಂದ ಮರ ಉಜ್ಜುವ ರೂಢಿ ಇದೆ. ಗಿಡದ ಹೆಸರು ತೊಕುಸ, ಹಾಗೆಂದರೆ ಸಾಣೆಹುಲ್ಲು. ನಮ್ಮ ಚನ್ನಪಟ್ಟಣದ ಗೊಂಬೆಗಳಿಗೂ ಕೊನೆಯ ಹೊಳಪು ಬರುವುದು ಕೇದಗೆ ಜಾತಿಯ ಗರಿಯನ್ನು ಒತ್ತಿ ಹಿಡಿದಾಗ. ಅಲ್ಲಿ ಹಾಲೆ ಮರದ ಗೊಂಬೆ ಯಂತ್ರಕ್ಕೆ ಸಿಕ್ಕಿ ಗಿರಗಿರ ತಿರುಗುತ್ತಿರುತ್ತದೆ, ಗರಿ ಹಿಡಿದ ಕೈ ಸುಮ್ಮನಿದ್ದರೂ ನಡೆಯುತ್ತದೆ. ಗಣಪತಿ ತಿರುಗುವುದಿಲ್ಲ, ನಾವೇ ಅವನ ಸುತ್ತ ತಿರುಗಬೇಕು. ಅಪ್ಪ-ಅಮ್ಮನಿಗೆ ಪ್ರದಕ್ಷಿಣೆ ಹಾಕಿ ಗೆದ್ದ ದೇವರಿಗೆ ನಾವು ನಾಲ್ಕು ಪ್ರದಕ್ಷಿಣೆ ಹಾಕಿದರೆ ನಷ್ಟವೇನು?

ಈಗ ನಿನ್ನ ಹೆದರಿಕೆಯ ವಿಷಯ. ಅಜ್ಜನ ಗೆರೆ ಅಳಿಯದಂತೆ ಉಜ್ಜುವುದು ಹೇಗೆ? ಅದಕ್ಕೆ ಅಜ್ಜನೇ ಬೇಕು. ಕಪಾಟಿನಿಂದ ಗಣಪತಿಯನ್ನು ಇಳಿಸಿ ಅವರ ಮುಂದಿಡು. ಕೈಗೊಂದು ಪೆನ್ಸಿಲ್ ಕೊಡು. ನಯವಾಗಬೇಕಾದ ಜಾಗದಲ್ಲೆಲ್ಲ ಅವರು ಪೆನ್ಸಿಲಿನಿಂದ ಹಗುರವಾಗಿ ಗೀಚಲಿ. ಈ ಗೀಚಿಗೆ ಕೈ ನಡುಗಿದರೆ ತೊಂದರೆಯಿಲ್ಲ, ವಕ್ರವಾಗಿದ್ದರೂ ಆಗುತ್ತದೆ. ಪೆನ್ಸಿಲ್ ಗುರುತು ಮಾಯವಾಗುವಷ್ಟು ಉಜ್ಜು, ಅಲ್ಲಿಗೆ ನಿಲ್ಲಿಸು. ಮುಂದಿನ ಕಾಗದಕ್ಕೆ ಹೋಗುವ ಮೊದಲು ಅವರು ಮತ್ತೆ ಗೀಚಲಿ. ತಗ್ಗಿನಲ್ಲಿ ಗುರುತು ಉಳಿದಿದ್ದರೆ ಕಾಗದ ಅಲ್ಲಿಗೆ ತಲುಪಿಲ್ಲ ಎಂದು ತಿಳಿಯುತ್ತದೆ. ಅವರು ಗೀಚದ ಜಾಗವನ್ನು ಮುಟ್ಟುವ ಹಾಗೇ ಇಲ್ಲ. ಕಣ್ಣಿನ ಅಂಚು, ಉಗುರು, ಹಾರದ ಮಣಿಗಳು, ಕಿರೀಟದ ಕುಸುರಿ, ಇವು ಉಳಿ ಬಿಟ್ಟ ಹಾಗೆಯೇ ಚೂಪಾಗಿರಬೇಕು. ಕಣ್ಣಿನ ಪಕ್ಕ ಉಜ್ಜುವಾಗ ಹಳೆಯ ಲಗ್ನಪತ್ರಿಕೆಯ ರಟ್ಟನ್ನು ಅಡ್ಡ ಹಿಡಿದುಕೋ. ಕಾಗದ ಜಾರಿದರೆ ರಟ್ಟಿಗೆ ತಾಗುತ್ತದೆ, ಕಣ್ಣಿಗೆ ತಾಗುವುದಿಲ್ಲ.

ಅಜ್ಜನಿಗೆ ಇನ್ನೂ ಎರಡು ಕೆಲಸಗಳಿವೆ. ಸಂಜೆ ದೀಪ ಆರಿಸಿ ಒಂದು ಟಾರ್ಚ್ ಅವರ ಕೈಗೆ ಕೊಡು. ಬೆಳಕು ಎದುರಿನಿಂದ ಬೀಳಬಾರದು, ವಿಗ್ರಹದ ಪಕ್ಕದಿಂದ, ಮೈಗೆ ಸವರಿದಂತೆ ಬೀಳಬೇಕು. ಆಗ ಒಂದೊಂದು ಒರಟಿಗೂ ಒಂದು ನೆರಳು ಬರುತ್ತದೆ. ಹಿಡಿದ ಕೈ ನಡುಗಿದರೆ ನೆರಳೂ ಅಲುಗುತ್ತದೆ, ಅಲುಗುವ ನೆರಳು ಕಣ್ಣಿಗೆ ಬೇಗ ಸಿಗುತ್ತದೆ. ಈ ಕೆಲಸಕ್ಕೆ ಅವರ ಕೈಯೇ ಲೇಸು.

ಎರಡನೆಯದು, ಕಣ್ಣುಮುಚ್ಚಿ ಮುಟ್ಟಿ ಹೇಳುವುದು. ಸ್ವೀಡನ್ನಿನ ಕೆಟಿಎಚ್ ಸಂಸ್ಥೆಯ ವಿಜ್ಞಾನಿಗಳು 2013ರಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿದರು. ಕೇವಲ 13 ನ್ಯಾನೊಮೀಟರಿನ ಏರಿಳಿತವನ್ನೂ ಮನುಷ್ಯನ ಬೆರಳು ಸವರಿ ಗುರುತಿಸಬಲ್ಲದು ಎಂದು ಅದರಲ್ಲಿ ಕಂಡುಬಂತು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. ಕನ್ನಡಕವಿಲ್ಲದೆ ಪೇಪರು ಓದಲಾಗದ ನನ್ನಂಥವನ ಬೆರಳಿಗೂ ಮರದ ಒರಟು ಸಿಗುವುದು ಇದರಿಂದಲೇ. ಹೊರಬದಿಯನ್ನು ಅಜ್ಜ ಮುಟ್ಟಿ ನೋಡಲಿ. ಸಂದಿಯೊಳಗೆ ಹೋಗುವುದು ನಿನ್ನ ಕಿರುಬೆರಳು. ಇಬ್ಬರೂ ಒಪ್ಪಿದರೆ ಆ ಕಾಗದದ ಲೆಕ್ಕ ತಾಳೆಯಾಯಿತೆಂದು ತಿಳಿ.

240ರ ಕೆಲಸ ಆದ ಮೇಲೆ ಒಂದು ಸಣ್ಣ ಗುಟ್ಟು. ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ವಿಗ್ರಹದ ಮೈಯನ್ನೆಲ್ಲ ಒಮ್ಮೆ ಒರೆಸು. ಒತ್ತಿ ಮಲಗಿಸಿದ್ದ ಎಳೆಗಳು ನೀರು ಕುಡಿದು ಎದ್ದು ನಿಲ್ಲುತ್ತವೆ. ನಯವಾಗಿದ್ದದ್ದು ಮತ್ತೆ ಒರಟಾಯಿತಲ್ಲ ಎಂದು ಗಾಬರಿಯಾಗಬೇಡ. ನೆರಳಿನಲ್ಲಿ ಪೂರ್ತಿ ಒಣಗಲಿ, ಬಿಸಿಲಿಗೆ ಇಟ್ಟರೆ ಮರ ಸೀಳೀತು. ಒಣಗಿದ ಮೇಲೆ 320ರಿಂದ, ಒತ್ತದೆ, ಎದ್ದ ಎಳೆಗಳನ್ನಷ್ಟೇ ತೆಗೆ. ಆಮೇಲೆ ಎಣ್ಣೆ ಹಚ್ಚಿದಾಗ ಅವು ಮತ್ತೆ ಅಷ್ಟಾಗಿ ಏಳುವುದಿಲ್ಲ.

ಹುಡಿಯ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ಮರದ ಹುಡಿ ಬಹಳ ವರ್ಷ ಉಸಿರಿನಲ್ಲಿ ಹೋದರೆ ಕ್ಯಾನ್ಸರಿಗೂ ಕಾರಣವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಹೇಳಿದೆ. ಅದು ದಿನವೂ ಅದೇ ಕೆಲಸದಲ್ಲಿರುವವರ ಮಾತು. ಆದರೂ ನೀವಿಬ್ಬರೂ ಮಾಸ್ಕ್ ಹಾಕಿಕೊಂಡು, ಜಗಲಿಯಲ್ಲಿ ಗಾಳಿಯಾಡುವ ಕಡೆ ಕೂತು ಉಜ್ಜಿ. ಬೀಟೆ ಮರದ ಹುಡಿ ಕೆಲವರಿಗೆ ತುರಿಕೆ, ಕೆಮ್ಮು ತರುತ್ತದೆ. ದಮ್ಮಿನ ತೊಂದರೆಯಿರುವ ಹಿರಿಯರು ಉಜ್ಜುವಾಗ ದೂರ ಕೂತು, ಮುಗಿದ ಮೇಲೆ ಬಂದು ನೋಡಿದರೆ ಸಾಕು. ಸಂದಿಯ ಹುಡಿಯನ್ನು ಬಾಯಿಯಿಂದ ಊದಬೇಡ, ನೇರ ಕಣ್ಣಿಗೇ ಬರುತ್ತದೆ. ಹಳೆಯ ಟೂತ್‌ಬ್ರಷ್ಷಿನಿಂದ ಬಿಡಿಸಿ, ಒದ್ದೆ ಬಟ್ಟೆಯಿಂದ ನೆಲ ಒರೆಸು.

ಕೊನೆಗೆ ಹಚ್ಚುವುದೇನು? ಜೇನುಮೇಣವನ್ನು ಬಟ್ಟೆಯಲ್ಲಿ ತೆಳುವಾಗಿ ತಿಕ್ಕಿದರೂ ಚೆಂದ. ಅಂಗಡಿಯಲ್ಲಿ ಸಿಗುವ ಅಗಸೆ ಎಣ್ಣೆಯನ್ನು ಹಚ್ಚುವುದಾದರೆ ಹಿರಿಯರು ಒಂದು ಮಾತು ನೆನಪಿಡಬೇಕು. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಎಣ್ಣೆಯಾದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಹಾಕಿದರೆ ತಾನಾಗಿ ಹೊತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿಡಿ, ಇಲ್ಲವೇ ಹೊರಗೆ ಬಿಡಿಸಿ ಹರವಿ ಒಣಗಿಸಿ. ಬೆರಳ ಸಂದಿಗಳಿಗೆ ಬ್ರಷ್ಷಿನಿಂದ ಸ್ವಲ್ಪವೇ ಹಚ್ಚಿ, ಹೆಚ್ಚಾದದ್ದನ್ನು ಹತ್ತಿಯಿಂದ ತೆಗೆಯಿರಿ. ಎಣ್ಣೆ ನಿಂತ ಕಡೆ ಅಂಟು ಉಳಿದು ದೂಳು ಕೂರುತ್ತದೆ.

ಇದನ್ನೆಲ್ಲ ಓದಿ ದೇವರ ಮನೆಯ ಹಳೆಯ ವಿಗ್ರಹಕ್ಕೆ ಕಾಗದ ಹಾಕಲು ಯಾರೂ ಹೊರಡಬೇಡಿ. ತಲೆಮಾರುಗಳಿಂದ ಮುಟ್ಟಿ, ಒರೆಸಿ ಬಂದ ಬಣ್ಣ ಅದರದು. ಒಂದು ಸಲ ಉಜ್ಜಿದರೆ ಹೊಸ ಮರದ ಹಾಗೆ ಬಿಳಿಚಿಕೊಳ್ಳುತ್ತದೆ, ಆ ಬಣ್ಣ ಮತ್ತೆ ಬರಲು ಇನ್ನೆರಡು ತಲೆಮಾರು ಬೇಕು. ಅದಕ್ಕೆ ಮೆತ್ತನೆಯ ಒಣ ಬ್ರಷ್ ಸಾಕು.

ಮಗೂ, ನಿನ್ನ ಕೆಲಸ ದಿನಕ್ಕೆ ಅರ್ಧ ಗಂಟೆಯಂತೆ ಮಾಡಿದರೆ ಸುಮಾರು ಒಂದು ತಿಂಗಳು ಹಿಡಿದೀತು. ಅವಸರ ಬೇಡ, ಪಾಠ ಓದಿ ಆದ ಮೇಲೆ ಕೂರು. ಒಂದು ಜಾಗವನ್ನು ಮಾತ್ರ ಬಿಟ್ಟುಬಿಡು. ಗಣಪತಿಯನ್ನು ಮಲಗಿಸಿ ಪೀಠದ ಅಡಿ ನೋಡು, ಅಲ್ಲಿ ಅಜ್ಜನ ಉಳಿಯ ಗುರುತುಗಳು ಸಾಲಾಗಿ ಇರಬೇಕು. ಕೈ ನಡುಗದಿದ್ದ ಕಾಲದ ಹೊಡೆತಗಳು ಅವು. ಅಲ್ಲಿಗೆ ಕಾಗದ ಬೇಡ, ಎಣ್ಣೆಯೂ ಬೇಡ. ಪಕ್ಕದಲ್ಲಿ ಜಾಗವಿದ್ದರೆ ಪೆನ್ಸಿಲಿನಿಂದ ಎರಡು ಹೆಸರು ಬರೆಯಿರಿ. ಕೆತ್ತಿದವರದು ಮೊದಲು, ಉಜ್ಜಿದವಳದು ಆಮೇಲೆ.